ಮರಳಿನ ಬದಲು ಗಾಜು ಹಾಕಿ ಕೆಟ್ಟದ್ದು, ಸಿಮೆಂಟಿನ ಬದಲು ಹಾಕಿ ಕಲಿತದ್ದು

ತುಮಕೂರಿನ ಹೊರವಲಯದಲ್ಲಿರುವ ನನ್ನ ಸಾಮಾನು ಅಂಗಳದಲ್ಲಿ, ನೀರಿನ ತೊಟ್ಟಿಯ ಪಕ್ಕದ ಸದಾ ಒದ್ದೆಯಾದ ಜಾಗದಲ್ಲಿ, ಎರಡಡಿ ಚದರದ ಒಂದು ಕಾಂಕ್ರೀಟ್ ಚಪ್ಪಡಿ ಬಿದ್ದಿತ್ತು. ಮರಳಿನಲ್ಲಿ ಶೇ 30ರಷ್ಟನ್ನು ತೆಗೆದು, ಅಷ್ಟೇ ತೂಕದ ಒಡೆದ ಬಾಟಲಿ ಗಾಜನ್ನು ಸೇರಿಸಿ ನಾನೇ ಅದನ್ನು ಹಾಕಿಸಿದ್ದೆ. ಅದರ ಜೊತೆಗೆ ಒಡೆದು ಬಲ ನೋಡಲೆಂದು ತುಂಬಿಸಿದ ಕ್ಯೂಬ್‌ಗಳು 28ನೇ ದಿನ ಎಂ25ಕ್ಕೆ (ಪ್ರತಿ ಚದರ ಮಿಲಿಮೀಟರಿಗೆ 25 ನ್ಯೂಟನ್ ಒತ್ತಡ ತಾಳುವ ದರ್ಜೆಗೆ) ಬೇಕಾದ ಬಲವನ್ನು ತೋರಿಸಿದ್ದರಿಂದ ಪ್ರಯೋಗ ಗೆದ್ದಿತೆಂದೇ ನಾನು ನಂಬಿದ್ದೆ. ಎರಡೂವರೆ ವರ್ಷ ಕಳೆದ ಮೇಲೆ ಒಂದು ದಿನ ಚಪ್ಪಡಿಯನ್ನು ಮಗುಚಿ ನೋಡಿದಾಗ, ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳ ಬಿರಿದಂತೆ ಅದರ ತುಂಬ ಬಿರುಕು ಹರಡಿತ್ತು. ಬಿರುಕುಗಳ ಅಂಚಿನಲ್ಲಿ ಬಿಳಿಯ ಅಂಟಿನಂಥ ಪದಾರ್ಥ ಜಿನುಗಿ ಒಣಗಿತ್ತು. ತ್ಯಾಜ್ಯ ಗಾಜನ್ನು ಭಾರ ಹೊರುವ ಕಾಂಕ್ರೀಟಿನಲ್ಲಿ ಬಳಸುವ ಕೆಲಸವನ್ನು ನಾನು ನಿಜವಾಗಿ ಕಲಿಯತೊಡಗಿದ್ದು ಆ ದಿನದಿಂದ.

ಆ ಬಿರುಕಿಗೆ ಕಾರಣವಾದ ಕ್ಷಾರ–ಸಿಲಿಕಾ ಕ್ರಿಯೆಯನ್ನು 1940ರಲ್ಲಿ ಕ್ಯಾಲಿಫೋರ್ನಿಯಾದ ಹೆದ್ದಾರಿ ಇಲಾಖೆಯ ಎಂಜಿನಿಯರ್ ಥಾಮಸ್ ಸ್ಟ್ಯಾಂಟನ್ ಗುರುತಿಸಿದರು. ಬಾಟಲಿ ಮತ್ತು ಕಿಟಕಿಯ ಗಾಜಿನಲ್ಲಿ ಸುಮಾರು ಶೇ 70ರಷ್ಟು ಸಿಲಿಕಾ, ಶೇ 13ರಷ್ಟು ಸೋಡಿಯಂ ಆಕ್ಸೈಡ್ ಮತ್ತು ಶೇ 10ರಷ್ಟು ಕ್ಯಾಲ್ಸಿಯಂ ಆಕ್ಸೈಡ್ ಇರುತ್ತವೆ. ಇಲ್ಲಿನ ಸಿಲಿಕಾ ನಮ್ಮ ಹೊಳೆಮರಳಿನ ಬೆಣಚುಕಲ್ಲಿನಂತೆ ಹರಳುಗಟ್ಟಿದ್ದಲ್ಲ. ಆದ್ದರಿಂದ ಕಾಂಕ್ರೀಟಿನ ರಂಧ್ರಗಳಲ್ಲಿರುವ ತೀಕ್ಷ್ಣ ಕ್ಷಾರದ ನೀರು ಅದನ್ನು ಸುಲಭವಾಗಿ ಕರಗಿಸುತ್ತದೆ. ಗಾಜನ್ನು ಒಡೆಯುವಾಗ ದಪ್ಪ ಚೂರುಗಳ ಒಳಗೆ ಕಣ್ಣಿಗೆ ಕಾಣದ ಬಿರುಕುಗಳು ಉಳಿದುಬಿಡುತ್ತವೆ. ಕ್ಷಾರದ ನೀರು ಅಲ್ಲಿಗೆ ಇಳಿದು ಜೆಲ್ ಕಟ್ಟುತ್ತದೆ, ಆ ಜೆಲ್ ನೀರು ಹೀರಿ ಉಬ್ಬುತ್ತದೆ, ಉಬ್ಬಿದ ಜೆಲ್ ಮೊದಲು ಚೂರನ್ನೂ ಆಮೇಲೆ ಸುತ್ತಲಿನ ಕಾಂಕ್ರೀಟನ್ನೂ ಸೀಳುತ್ತದೆ. ಇದು ಇಪ್ಪತ್ತೆಂಟು ದಿನಗಳಲ್ಲಿ ಮುಗಿಯುವ ಕೆಲಸವಲ್ಲವಾದ್ದರಿಂದ ನನ್ನ ಕ್ಯೂಬ್‌ಗಳು ಅದರ ಸುಳಿವನ್ನೇ ಕೊಟ್ಟಿರಲಿಲ್ಲ.

ಅದೇ ಗಾಜನ್ನು 75 ಮೈಕ್ರಾನ್ ಜರಡಿಯಲ್ಲಿ ಇಳಿಯುವಷ್ಟು ನುಣ್ಣಗೆ ಅರೆದರೆ ಅದರ ಗುಣ ತಿರುಗಿ ನಿಲ್ಲುತ್ತದೆ. ಸಣ್ಣ ಕಣವು ಬೇಗ ಕರಗಿ, ಸಿಮೆಂಟು ಗಟ್ಟಿಯಾಗುವಾಗ ಬಿಡುಗಡೆಯಾಗುವ ಸುಣ್ಣದ ಜೊತೆ ಕೂಡಿಕೊಂಡು, ಸಿಮೆಂಟು ಕಟ್ಟುವಂಥದೇ ಬಂಧಕವನ್ನು ತಾನೂ ಕಟ್ಟುತ್ತದೆ. ಹಿಂದಿನವರು ಸುಣ್ಣದ ಗಾರೆಗೆ ಇಟ್ಟಿಗೆಯ ಪುಡಿ, ಅಂದರೆ ಸುರ್ಕಿ, ಬೆರೆಸುತ್ತಿದ್ದುದರ ಹಿಂದೆ ಇದ್ದದ್ದೂ ಇದೇ ತತ್ವ. ಹಾಗಾಗಿ ಗಾಜಿಗೆ ಮರಳಿನ ಜಾಗವನ್ನು ಕೊಡದೆ ಸಿಮೆಂಟಿನ ಒಂದು ಪಾಲಿನ ಜಾಗವನ್ನು ಕೊಡಬೇಕೆಂದು ನಿರ್ಧರಿಸಿದೆ.

ಗಾಜನ್ನು ಆರಿಸುವುದರಲ್ಲೇ ಅರ್ಧ ಕೆಲಸವಿದೆ. ಗುಜರಿ ಅಂಗಡಿಯಿಂದ ತಂದ ಬಾಟಲಿ ಚೂರುಗಳನ್ನು ಮೊದಲ ಸಲ ತೊಳೆಯದೆ ಅರೆಸಿದ್ದೆ. ಆ ಪುಡಿ ಹಾಕಿದ ಕಾಂಕ್ರೀಟು ಮರುದಿನ ಬೆಳಿಗ್ಗೆಯೂ ಉಗುರಿಗೆ ಕೀಳುವಷ್ಟು ಹಸಿಯಾಗಿತ್ತು. ನಮ್ಮ ಮೇಸ್ತ್ರಿ ಅದನ್ನು ಮುಟ್ಟಿ ನೋಡಿದವರೇ, “ಸಾರ್, ಇದಕ್ಕೆ ಬೆಲ್ಲದ ನೀರು ಬಿದ್ದ ಹಾಗಿದೆ” ಎಂದರು. ಅವರ ಮಾತು ಸರಿಯಾಗಿತ್ತು. ಸುಣ್ಣದ ಗಾರೆಗೆ ಒಗ್ಗುವ ಬೆಲ್ಲ ಸಿಮೆಂಟಿಗೆ ಒಗ್ಗುವುದಿಲ್ಲ, ಬಾಟಲಿಯ ತಳದಲ್ಲಿ ಒಣಗಿದ ತಂಪು ಪಾನೀಯದ ಸಕ್ಕರೆಯಷ್ಟೇ ಗಟ್ಟಿಯಾಗುವ ವೇಳೆಯನ್ನು ಹಿಂದಕ್ಕೆ ತಳ್ಳಬಲ್ಲದು. ಅಂದಿನಿಂದ ಚೂರುಗಳನ್ನು ಬಿಸಿನೀರಿನಲ್ಲಿ ನೆನೆಸಿ, ಚೀಟಿ ಮತ್ತು ಅಂಟನ್ನು ಬಿಡಿಸಿ, ಒಣಗಿಸಿದ ಮೇಲೆಯೇ ಗಿರಣಿಗೆ ಕಳಿಸುತ್ತೇನೆ. ಹಳೆಯ ಟಿ.ವಿ. ಪರದೆಯ ಗಾಜಿನಲ್ಲಿ ಸೀಸವಿರುವುದರಿಂದ ಅದನ್ನೂ, ಪಾದರಸವಿರುವುದರಿಂದ ಟ್ಯೂಬ್‌ಲೈಟನ್ನೂ ಹತ್ತಿರ ಸೇರಿಸುವುದಿಲ್ಲ. ಮತ್ತೆ ತುಂಬಿ ಬಳಸಬಹುದಾದ ಅಥವಾ ಕರಗಿಸಿ ಬಾಟಲಿಯನ್ನೇ ಮಾಡಬಹುದಾದ ಗಾಜನ್ನು ಕಾಂಕ್ರೀಟಿಗೆ ಸುರಿಯುವುದು ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಬಣ್ಣಗಳು ಬೆರೆತು ಯಾರೂ ಕೊಳ್ಳದ ಚೂರು ಮತ್ತು ಕಿಟಕಿ ಗಾಜಿನ ಅಂಗಡಿಯಲ್ಲಿ ಉಳಿಯುವ ತುಂಡು ನನ್ನ ಕೆಲಸಕ್ಕೆ ಸಾಕು.

ಮೊದಲ ಪರೀಕ್ಷೆಗಳಿಗೆ ಬೇಕಾದ ಪುಡಿಯನ್ನು ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ, ಜಲ್ಲಿಯ ಸವೆತ ಅಳೆಯುವ ಲಾಸ್ ಏಂಜಲೀಸ್ ಯಂತ್ರದ ಉಕ್ಕಿನ ಗುಂಡುಗಳ ನಡುವೆ ಉರುಳಿಸಿ ಮಾಡಿಕೊಂಡೆ. ಆ ಯಂತ್ರ ನಿಮಿಷಕ್ಕೆ 30ರಿಂದ 33 ಸುತ್ತು ಮಾತ್ರ ತಿರುಗುವುದರಿಂದ ಕೆಲವು ಕಿಲೊ ಪುಡಿಗೇ ಇಡೀ ದಿನ ಹಿಡಿಯುತ್ತಿತ್ತು. ನಂತರ ಖನಿಜದ ಪುಡಿ ಮಾಡುವ ಒಂದು ಘಟಕದ ಬಾಲ್ ಮಿಲ್‌ನಲ್ಲಿ ಅರೆಸಿ, ಜರಡಿಯ ಮೇಲೆ ಉಳಿದದ್ದನ್ನು ಮತ್ತೆ ಅರೆಸಿದೆ. ಈ ಹಂತದಲ್ಲಿ ಮುಖಗವಸು ಮತ್ತು ಕನ್ನಡಕವಿಲ್ಲದೆ ಯಾರನ್ನೂ ಒಳಗೆ ಬಿಡಬಾರದು.

ಈ ಸಲ ಕ್ಯೂಬ್‌ಗಳಿಗಿಂತ ಮೊದಲು ಗಾರೆ ಪಟ್ಟಿಯ ಪರೀಕ್ಷೆ ಮಾಡಿಸಿದೆ. ಅಮೆರಿಕದ ಮಾನಕ ಸಂಸ್ಥೆ ಎ.ಎಸ್.ಟಿ.ಎಂ.ನ ಸಿ 1260 ವಿಧಾನದಲ್ಲಿ ಪಟ್ಟಿಗಳನ್ನು 80 ಡಿಗ್ರಿ ಸೆಲ್ಸಿಯಸ್ ಬಿಸಿಯ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ 14 ದಿನ ಮುಳುಗಿಸಿಟ್ಟು, ಅವು ಎಷ್ಟು ಉದ್ದವಾದವೆಂದು ಅಳೆಯುತ್ತಾರೆ. ಹಿಗ್ಗುವಿಕೆ ಶೇ 0.10ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಭಯವಿಲ್ಲ, ಶೇ 0.20 ದಾಟಿದರೆ ಅಪಾಯವೆಂದು ಎಣಿಕೆ. ಮರಳಿನಲ್ಲಿ ಗಾಜಿನ ಚೂರು ಬೆರೆಸಿದ ಪಟ್ಟಿ 14ನೇ ದಿನಕ್ಕೆ ಮುಂಚೆಯೇ ಶೇ 0.20ನ್ನು ದಾಟಿಹೋಯಿತು. ಸಾದಾ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಉಳಿಸಿಕೊಂಡು ಸಿಮೆಂಟಿನ ಒಂದು ಪಾಲಿಗೆ ಗಾಜಿನ ಪುಡಿ ಹಾಕಿದ ಪಟ್ಟಿ ಕೊನೆಯವರೆಗೂ ಶೇ 0.10ರ ಒಳಗೇ ನಿಂತಿತು. ಚಪ್ಪಡಿ ಎರಡೂವರೆ ವರ್ಷಕ್ಕೆ ಹೇಳಿದ್ದನ್ನು ಈ ಪಟ್ಟಿಗಳು ಎರಡು ವಾರದಲ್ಲಿ ಹೇಳಿದ್ದವು.

ಭಾರತೀಯ ಸಂಹಿತೆ ಐ.ಎಸ್. 456:2000 ಹೆಸರಿಸುವ ಖನಿಜ ಮಿಶ್ರಕಗಳಲ್ಲಿ ಹಾರುಬೂದಿ, ಸಿಲಿಕಾ ಫ್ಯೂಮ್, ಭತ್ತದ ಹೊಟ್ಟಿನ ಬೂದಿ, ಮೆಟಾಕಯೊಲಿನ್ ಮತ್ತು ಊದುಕುಲುಮೆಯ ಕಿಟ್ಟದ ಪುಡಿ ಇವೆ, ಗಾಜಿನ ಪುಡಿ ಇಲ್ಲ. ಆದ ಕಾರಣ ಬೇರೆಯವರ ಮನೆಯಲ್ಲಿ ಇದನ್ನು ಬಳಸದೆ, ನನ್ನದೇ ಅಂಗಳದ ಎರಡು ಕೋಣೆಯ ಉಗ್ರಾಣದ ಅಡಿಪಾಯದ ಪಾದ ಮತ್ತು ಪ್ಲಿಂತ್ ಬೀಮುಗಳಿಗಷ್ಟೇ ಬಳಸಿದೆ. ಸಾಧಾರಣ ಹವೆಗೆ ಸಂಹಿತೆ ಕೇಳುವ, ಘನ ಮೀಟರಿಗೆ ಕನಿಷ್ಠ 300 ಕಿಲೊ ಸಿಮೆಂಟು ಮತ್ತು ಗರಿಷ್ಠ 0.50ರ ನೀರು–ಸಿಮೆಂಟು ಅನುಪಾತವನ್ನು, ಗಾಜನ್ನು ಲೆಕ್ಕಕ್ಕೇ ಹಿಡಿಯದೆ, ಬರೀ ಸಿಮೆಂಟಿನಿಂದಲೇ ಪೂರೈಸಬೇಕೆಂದು ನಿಶ್ಚಯಿಸಿದ್ದೆ. ಅದರಂತೆ ಒಂದು ಘನ ಮೀಟರಿಗೆ 306 ಕಿಲೊ ಒಪಿಸಿ (ಬೂದಿ ಬೆರೆಸದ ಸಾಮಾನ್ಯ) ಸಿಮೆಂಟು, 34 ಕಿಲೊ ಗಾಜಿನ ಪುಡಿ, 153 ಲೀಟರ್ ನೀರು ಎಂದು ಗೊತ್ತುಮಾಡಿ, ಹದಕ್ಕೆ ನೀರು ಹೆಚ್ಚಿಸದೆ ಕಾಂಕ್ರೀಟನ್ನು ಸಡಿಲವಾಗಿಸುವ ಸೂಪರ್‌ಪ್ಲಾಸ್ಟಿಸೈಜರ್ ಸೇರಿಸಿದೆ. ಪಿಪಿಸಿ ಸಿಮೆಂಟಿನಲ್ಲಿ ಮೊದಲೇ ಹಾರುಬೂದಿ ಇರುವುದರಿಂದ ಅದನ್ನು ಬಿಟ್ಟು ಒಪಿಸಿಯನ್ನೇ ಹುಡುಕಿ ತಂದೆ. ಗಾಜಿನ ಸಾಪೇಕ್ಷ ಸಾಂದ್ರತೆ ಸುಮಾರು 2.5, ಸಿಮೆಂಟಿನದು 3.15. ಹೀಗಾಗಿ ತೂಕಕ್ಕೆ ತೂಕ ಬದಲಿಸಿದಾಗ ಘನ ಮೀಟರಿಗೆ ಸುಮಾರು 3 ಲೀಟರ್ ಜಾಗ ಹೆಚ್ಚು ಬೇಕಾಗುತ್ತದೆ. ಅದಕ್ಕೆ ಸರಿಯಾಗಿ ಮರಳಿನಲ್ಲಿ 7 ಕಿಲೊ ಕಡಿಮೆ ಮಾಡಿದೆ.

ಕೆಲಸದ ಜಾಗದಲ್ಲಿ ತಪ್ಪಾಗಬಾರದೆಂದು ಪುಡಿಯನ್ನು ಐದೂವರೆ ಕಿಲೊದಂತೆ ಮೊದಲೇ ತೂಗಿ ಪೊಟ್ಟಣ ಕಟ್ಟಿಸಿದ್ದೆ. ಒಂದು ಮೂಟೆ ಸಿಮೆಂಟಿಗೆ ಒಂದು ಪೊಟ್ಟಣ, ಮರಳಿನ ಒದ್ದೆಯನ್ನು ಕಳೆದು 25 ಲೀಟರ್ ನೀರು, ಇಷ್ಟೇ ನಿಯಮ. ಗಾಜು ನೀರು ಹೀರುವುದಿಲ್ಲವಾದ್ದರಿಂದ ಸ್ಲಂಪ್‌ನಲ್ಲಿ (ಹಸಿ ಕಾಂಕ್ರೀಟಿನ ಸಡಿಲತೆಯ ಅಳತೆಯಲ್ಲಿ) ತೊಂದರೆ ಕಾಣಲಿಲ್ಲ.

ಎಂ25ಕ್ಕೆ ಗುರಿ ಬಲ, ಅಂದರೆ ಏರುಪೇರಿಗೆ ಅವಕಾಶ ಬಿಟ್ಟು ಇಟ್ಟುಕೊಳ್ಳುವ ಬಲ, ಪ್ರತಿ ಚದರ ಮಿಲಿಮೀಟರಿಗೆ 31.6 ನ್ಯೂಟನ್. ಗಾಜಿನ ಪುಡಿಯ ಕ್ಯೂಬ್‌ಗಳು 7ನೇ ದಿನ ಸಾದಾ ಕ್ಯೂಬ್‌ಗಳಿಗಿಂತ ಸ್ಪಷ್ಟವಾಗಿ ಹಿಂದಿದ್ದವು, 28ನೇ ದಿನ ಗುರಿಯನ್ನು ದಾಟಿದವು, 90ನೇ ದಿನ ಸಾದಾ ಕ್ಯೂಬ್‌ಗಳಿಗೆ ಸಮನಾದವು. ಮೊದಲ ವಾರದ ಆ ಹಿಂದುಳಿಯುವಿಕೆಯನ್ನು ಹಗುರವಾಗಿ ಎಣಿಸಬಾರದು. ಸೆಂಟ್ರಿಂಗ್ ಬಿಚ್ಚುವ ದಿನವನ್ನು ಅಭ್ಯಾಸಬಲದಿಂದ ನಿರ್ಧರಿಸದೆ ಕ್ಯೂಬ್ ಒಡೆದು ನೋಡಿ ನಿರ್ಧರಿಸಬೇಕು, ಕ್ಯೂರಿಂಗನ್ನು (ನೀರುಣಿಸುವುದನ್ನು) 7 ದಿನಕ್ಕೆ ನಿಲ್ಲಿಸದೆ ಕನಿಷ್ಠ 14 ದಿನ ಮಾಡಬೇಕು. ಜಲ್ಲಿಯೇ ಕ್ಷಾರಕ್ಕೆ ಸ್ಪಂದಿಸುವಂಥ ಪ್ರದೇಶದಲ್ಲಿ ಗಾಜಿನಿಂದ ಹೊರಬರುವ ಸೋಡಿಯಂ ಹೊಸ ತೊಂದರೆಯಾಗಬಹುದಾದ್ದರಿಂದ ಅಲ್ಲಿನ ಜಲ್ಲಿಯನ್ನೂ ಸೇರಿಸಿಯೇ ಪರೀಕ್ಷೆ ಮಾಡಿಸಬೇಕು.

ಮಾಂಟ್ರಿಯಲ್‌ನ ನನ್ಸ್ ದ್ವೀಪದ ಡಾರ್ವಿನ್ ಸೇತುವೆಗಳಲ್ಲಿ ಸಿಮೆಂಟಿನ ಶೇ 10ರಷ್ಟನ್ನು ಗಾಜಿನ ಪುಡಿಯಿಂದ ಬದಲಿಸಿದ್ದಾರೆ. ಕಾಂಕ್ರೀಟಿಗೆ ಬಳಸುವ ಗಾಜಿನ ಪುಡಿಗೆಂದೇ ಎ.ಎಸ್.ಟಿ.ಎಂ. 2020ರಲ್ಲಿ ಸಿ 1866 ಎಂಬ ಮಾನಕವನ್ನು ತಂದಿದೆ. ನಮ್ಮ ಸಂಹಿತೆಯಲ್ಲಿಯೂ ಅಂಥದೊಂದು ಸಾಲು ಬರಲಿ ಎಂಬ ಆಸೆ ನನಗಿದೆ. ಉಗ್ರಾಣದ ಬೀಮುಗಳ ಜೊತೆ ತುಂಬಿಸಿದ ಕ್ಯೂಬ್‌ಗಳಲ್ಲಿ ಆರನ್ನು ಒಡೆಯದೆ, ಅದೇ ತೊಟ್ಟಿಯ ಪಕ್ಕ, ಹಳೆಯ ಚಪ್ಪಡಿ ಬಿದ್ದಿದ್ದ ಒದ್ದೆ ಜಾಗದಲ್ಲೇ ಇಟ್ಟಿದ್ದೇನೆ. ಅವು ಬಿರುಕಿಲ್ಲದೆ ಮೂರು ವರ್ಷ ಕಳೆಯುವವರೆಗೆ ಉಗ್ರಾಣದ ಮೇಲಿನ ಆರ್‌ಸಿಸಿ ಚಾವಣಿಗೆ ಗಾಜಿನ ಪುಡಿ ಹಾಕುವುದಿಲ್ಲ. ಸದ್ಯಕ್ಕೆ ಅಲ್ಲಿ ತಗಡಿನ ಹೊದಿಕೆ ಇದೆ.