ಹಸುಗೂಸಿಗೆ ಉಸಿರಾಟದ ತೊಂದರೆಯಾದಾಗ ತಂದೆ ತಾಯಿ ಏನು ಮಾಡಬೇಕು

ಮೊದಲು ಉಸಿರು ಎಣಿಸುವುದನ್ನು ಕಲಿಯಿರಿ. ಮಗು ಅಳುವಾಗಲೋ ಹಾಲು ಕುಡಿಯುವಾಗಲೋ ಬೇಡ, ಸುಮ್ಮನೆ ಮಲಗಿರುವಾಗ ಅಂಗಿ ಮೇಲೆತ್ತಿ ಹೊಟ್ಟೆ ನೋಡಿ. ಹೊಟ್ಟೆ ಒಮ್ಮೆ ಉಬ್ಬಿ ಇಳಿದರೆ ಒಂದು ಉಸಿರು. ಮೊಬೈಲಿನಲ್ಲಿ ಟೈಮರ್ ಇಟ್ಟು ಪೂರ್ತಿ 60 ಸೆಕೆಂಡು ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಹಸುಗೂಸು ಒಂದೇ ಸಮನೆ ಉಸಿರಾಡುವುದಿಲ್ಲ. ಸರಸರನೆ ನಾಲ್ಕಾರು ಉಸಿರು, ಆಮೇಲೆ ಐದು ಹತ್ತು ಸೆಕೆಂಡು ಬಿಡುವು, ಮತ್ತೆ ಶುರು. ಇದು ಸಹಜ. ನಿಮಿಷಕ್ಕೆ 40ರಿಂದ 60ರ ಒಳಗಿನ ಉಸಿರೂ ಸಹಜ. 60 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಇನ್ನೊಮ್ಮೆ ಎಣಿಸಿ. ಎರಡನೇ ಸಲವೂ ಅಷ್ಟೇ ಬಂದರೆ ಆಸ್ಪತ್ರೆಗೆ ಹೊರಡಿ.

ಕೆಲವು ಲಕ್ಷಣ ಕಂಡರೆ ಎಣಿಸುತ್ತಾ ಕೂರುವುದೂ ಬೇಡ. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುವುದು, ಮೂಗಿನ ಹೊಳ್ಳೆ ಅರಳುವುದು, ಉಸಿರು ಬಿಡುವಾಗಲೆಲ್ಲ ನರಳುವ ಸದ್ದು, 20 ಸೆಕೆಂಡು ಉಸಿರೇ ಇಲ್ಲದಿರುವುದು, ಹಾಲು ಕುಡಿಯುವುದನ್ನು ಬಿಟ್ಟುಬಿಡುವುದು, ನಾಲಿಗೆ ಮತ್ತು ಒಸಡು ನೀಲಿಯಾಗುವುದು. ಹುಟ್ಟಿದ ಮೊದಲ ದಿನ ಅಂಗೈ ಅಂಗಾಲು ಮಾತ್ರ ನೀಲಿ ಇದ್ದರೆ ಅದು ಸಹಜ. ಮಗು ಕಪ್ಪಗಿದ್ದರೆ ಮೈಬಣ್ಣ ನಂಬಬೇಡಿ, ನಾಲಿಗೆಯನ್ನೇ ನೋಡಿ. ‘ಜ್ವರ ಇಲ್ಲವಲ್ಲ, ಬೆಳಿಗ್ಗೆ ನೋಡೋಣ’ ಎನ್ನುವ ಮಾತು ಹಸುಗೂಸಿನ ವಿಷಯದಲ್ಲಿ ಅಪಾಯಕಾರಿ. ಸೋಂಕು ತಗುಲಿದ ಎಷ್ಟೋ ಮಕ್ಕಳಿಗೆ ಜ್ವರ ಬರುವುದಿಲ್ಲ, ಬದಲಿಗೆ ಮೈ ತಣ್ಣಗಾಗುತ್ತದೆ.

108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವಷ್ಟರಲ್ಲಿ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇರುವ ಆಸ್ಪತ್ರೆಗೆ ಫೋನ್ ಮಾಡಿ, ಹಾಸಿಗೆ ಖಾಲಿ ಇದೆಯೇ, ಉಸಿರಾಟಕ್ಕೆ ನೆರವಾಗುವ ಸಿ-ಪ್ಯಾಪ್ ಯಂತ್ರ ಇದೆಯೇ ಎಂದು ಕೇಳಿ. ಹಾಸಿಗೆ ಹುಡುಕುತ್ತಾ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವುದರಲ್ಲಿಯೇ ಅಮೂಲ್ಯ ಹೊತ್ತು ಹೋಗುತ್ತದೆ. ಜಿಲ್ಲಾಸ್ಪತ್ರೆಗಳಲ್ಲಿ ನವಜಾತ ಶಿಶುಗಳಿಗೆಂದೇ ಎಸ್‌ಎನ್‌ಸಿಯು ಘಟಕಗಳಿವೆ. ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆ ಬಿದ್ದ ಶಿಶುವಿನ ಚಿಕಿತ್ಸೆ, ಔಷಧಿ, ಸಾಗಾಟ ಎಲ್ಲವೂ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. ದಾರಿಯಲ್ಲಿ ಮಗುವಿಗೆ ಟೋಪಿ ಹಾಕಿ, ತಾಯಿಯೋ ತಂದೆಯೋ ಎದೆಗೆ ಅಪ್ಪಿಕೊಂಡು ಮೇಲೆ ಹೊದಿಸಿ. ಗದ್ದ ಎದೆಗೆ ತಾಗುವಂತೆ ಕತ್ತು ಬಗ್ಗಬಾರದು, ಬಗ್ಗಿದರೆ ಉಸಿರಿನ ದಾರಿ ಮುಚ್ಚುತ್ತದೆ. ಏದುಸಿರು ಬಿಡುತ್ತಿರುವ ಮಗುವಿಗೆ ಹಾಲು, ನೀರು, ಗ್ರೈಪ್ ವಾಟರ್ ಏನನ್ನೂ ಬಾಯಿಗೆ ಹಾಕಬೇಡಿ, ಅದು ಶ್ವಾಸಕೋಶಕ್ಕೆ ಇಳಿಯಬಹುದು. ತಾಯಿ ಕಾರ್ಡ್ ಮತ್ತು ಹೆರಿಗೆ ಆಸ್ಪತ್ರೆಯ ಚೀಟಿ ಕೈಯಲ್ಲಿರಲಿ. ಸಾಧ್ಯವಿದ್ದರೆ ತಾಯಿಯೂ ಜೊತೆಯಲ್ಲೇ ಹೋಗಲಿ, ಏಕೆಂದರೆ ಮುಂದಿನ ದಿನಗಳಲ್ಲಿ ಅವರ ಹಾಲು ಬೇಕು.

ಎನ್‌ಐಸಿಯು ಒಳಗೆ

ತಿಂಗಳು ತುಂಬಿ ಸಿಜೇರಿಯನ್ ಆದ ಮಗುವಿನ ಶ್ವಾಸಕೋಶದಲ್ಲಿ ನೀರು ಉಳಿದಿದ್ದರೆ ಸಾಮಾನ್ಯವಾಗಿ ಒಂದರಿಂದ ಮೂರು ದಿನದಲ್ಲಿ ಸರಿಹೋಗುತ್ತದೆ. ಅವಧಿಗೆ ಮುಂಚೆ ಹುಟ್ಟಿದ ಮಗುವಿನದು ಬೇರೆ ಸಮಸ್ಯೆ. ಶ್ವಾಸಕೋಶದ ಪುಟ್ಟ ಚೀಲಗಳು ಅಂಟಿಕೊಳ್ಳದಂತೆ ಕಾಯುವ ಸರ್ಫ್ಯಾಕ್ಟಂಟ್ ಎಂಬ ದ್ರವ ಅದಕ್ಕೆ ಸಾಕಷ್ಟು ಇರುವುದಿಲ್ಲ, ಪ್ರತಿ ಉಸಿರಿಗೂ ಹೆಣಗಬೇಕಾಗುತ್ತದೆ. ಸಿ-ಪ್ಯಾಪ್ ಮೂಗಿನ ಮೂಲಕ ಒತ್ತಡದ ಗಾಳಿ ಕೊಟ್ಟು ಆ ಚೀಲಗಳನ್ನು ತೆರೆದಿಡುತ್ತದೆ. ಅಷ್ಟರಿಂದ ಸಾಲದಿದ್ದರೆ ಸರ್ಫ್ಯಾಕ್ಟಂಟನ್ನೇ ಶ್ವಾಸನಾಳಕ್ಕೆ ಬಿಡುತ್ತಾರೆ.

ಬಬಲ್ ಸಿ-ಪ್ಯಾಪ್ ಇದ್ದರೆ ಪಕ್ಕದಲ್ಲಿ ನೀರಿನ ಬಾಟಲಿ ಕಾಣುತ್ತದೆ. ಅದರೊಳಗಿನ ನಳಿಕೆ ಸಾಮಾನ್ಯವಾಗಿ 5 ಸೆಂಟಿಮೀಟರಿನಷ್ಟು ನೀರಿನಲ್ಲಿ ಮುಳುಗಿರುತ್ತದೆ. ಗುಳುಗುಳು ಎಂದು ಗುಳ್ಳೆ ಏಳುತ್ತಲೇ ಇರಬೇಕು. ಗುಳ್ಳೆ ನಿಂತರೆ ಎಲ್ಲೋ ಗಾಳಿ ಸೋರುತ್ತಿದೆ ಎಂದರ್ಥ. ಮೂಗಿನ ನಳಿಕೆ ಜಾರಿರಬಹುದು, ಮಗು ಬಾಯಿ ತೆರೆದಿರಬಹುದು. ನೀವೇ ಸರಿಪಡಿಸಲು ಹೋಗದೆ ನರ್ಸ್‌ಗೆ ಹೇಳಿ. ಮೂಗಿನ ನಡುಭಾಗ ಕೆಂಪಾಗಿದ್ದರೂ ಹೇಳಿ, ನಳಿಕೆ ಒತ್ತಿ ಅಲ್ಲಿ ಹುಣ್ಣಾಗುವುದುಂಟು. ಮಾನಿಟರ್ ಕೂಗಿದ ಕೂಡಲೇ ಎದೆ ಧಸಕ್ಕೆನ್ನುತ್ತದೆ, ನಿಜ. ಮಗು ಕಾಲು ಒದ್ದು ಪಾದದ ಪಟ್ಟಿ ಸಡಿಲವಾದರೂ ಅದು ಕೂಗುತ್ತದೆ, ಹಾಗಾಗಿ ನರ್ಸನ್ನು ಕರೆಯುತ್ತಲೇ ಮಗುವಿನ ಬಣ್ಣ ಮತ್ತು ಎದೆಯ ಏರಿಳಿತ ನೋಡಿ. ಅವಧಿಪೂರ್ವ ಮಗು ಆಕ್ಸಿಜನ್ ಮೇಲಿರುವಾಗ ಸ್ಯಾಚುರೇಶನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ ಮಟ್ಟ, ಶೇಕಡ 90ರಿಂದ 95 ಇದ್ದರೆ ಸಾಕು. ‘ಯಾಕೆ 100 ಇಲ್ಲ’ ಎಂದು ಒತ್ತಾಯಿಸಬೇಡಿ, ಆಕ್ಸಿಜನ್ ಅತಿಯಾದರೆ ಕಣ್ಣಿನ ಅಕ್ಷಿಪಟ ಕೆಡುತ್ತದೆ.

ವೈದ್ಯರನ್ನು ದಿನಕ್ಕೊಮ್ಮೆ ನಾಲ್ಕು ಪ್ರಶ್ನೆ ಕೇಳಿ ಬರೆದಿಟ್ಟುಕೊಳ್ಳಿ. ಆಕ್ಸಿಜನ್ ಶೇಕಡ ಎಷ್ಟು (21 ಎಂದರೆ ನಾವು ಉಸಿರಾಡುವ ಗಾಳಿಯೇ)? ಹಾಲು ಎಷ್ಟು ಎಂ.ಎಲ್.? ತೂಕ ಎಷ್ಟು? ನಿನ್ನೆಯಿಂದ ಉಸಿರು ನಿಂತದ್ದುಂಟೇ? ಒಂದು ದಿನ ಹಿಂದೆ ಬಿದ್ದರೆ ಕುಸಿಯಬೇಡಿ, ಮೂರು ನಾಲ್ಕು ದಿನದ ಸಾಲು ನೋಡಿದರೆ ಮಗು ಎತ್ತ ಸಾಗುತ್ತಿದೆ ಎಂದು ತಿಳಿಯುತ್ತದೆ.

ಹಾಲು ಮತ್ತು ಎದೆಯ ಬಿಸಿ

ಯಂತ್ರ ಉಸಿರಾಟ ನೋಡಿಕೊಳ್ಳುತ್ತಿರುವಾಗ ನಿಮ್ಮಿಂದ ಮಾತ್ರ ಆಗುವ ದೊಡ್ಡ ಕೆಲಸ ಹಾಲು. ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಹಿಂಡಲು ಶುರುಮಾಡಿ. ‘ಮಗು ಹೇಗೂ ಕುಡಿಯುತ್ತಿಲ್ಲ’ ಎಂದು ಮೂರು ದಿನ ಬಿಟ್ಟರೆ ಹಾಲು ಇಳಿಮುಖವಾಗುತ್ತದೆ, ಆಮೇಲೆ ಏರಿಸುವುದು ಬಲು ಕಷ್ಟ. ಕೈಯನ್ನು ಸೋಪಿನಿಂದ ತೊಳೆದು, ಕುದಿಸಿದ ಸ್ಟೀಲ್ ಬಟ್ಟಲು ಹಿಡಿಯಿರಿ. ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ಮೊಲೆತೊಟ್ಟಿನಿಂದ ಮೂರು ನಾಲ್ಕು ಸೆಂಟಿಮೀಟರ್ ಹಿಂದಕ್ಕೆ. ಮೊದಲು ಎದೆಗೂಡಿನತ್ತ ಒತ್ತಿ, ಆಮೇಲೆ ಎರಡು ಬೆರಳನ್ನೂ ಕೂಡಿಸಿ ಅದುಮಿ, ಬಿಡಿ. ತೊಟ್ಟನ್ನು ಜಗ್ಗಿದರೆ ಹಾಲು ಬರುವುದಿಲ್ಲ, ನೋವಷ್ಟೇ. ಬೆರಳನ್ನು ಸುತ್ತಲೂ ಸರಿಸುತ್ತಾ ಎರಡೂ ಕಡೆ ಸೇರಿ 20ರಿಂದ 30 ನಿಮಿಷ. ದಿನಕ್ಕೆ ಕನಿಷ್ಠ 8 ಬಾರಿ, ಅದರಲ್ಲಿ ಒಂದಾದರೂ ನಡುರಾತ್ರಿ ಕಳೆದ ಮೇಲೆ. ಮೊದಲ ದಿನ ನಾಲ್ಕು ಹನಿ ಹಳದಿ ಹಾಲು ಬಂದರೂ ಚೆಲ್ಲದೆ ಪುಟ್ಟ ಸಿರಿಂಜಿನಲ್ಲಿ ಎಳೆದು ಕೊಡಿ.

ಡಬ್ಬಿಯ ಮೇಲೆ ಹೆಸರು, ದಿನಾಂಕ, ಹೊತ್ತು ಬರೆಯಿರಿ. ಹೊರಗೆ 4 ಗಂಟೆ, ಫ್ರಿಡ್ಜಿನ ಒಳಭಾಗದಲ್ಲಿ 24 ಗಂಟೆ, ಬಾಗಿಲಿನ ಗೂಡಿನಲ್ಲಿ ಮಾತ್ರ ಇಡಬೇಡಿ. ಕುದಿಸುವುದು, ಮೈಕ್ರೋವೇವ್ ಎರಡೂ ಬೇಡ, ಬಿಸಿನೀರಿನ ಪಾತ್ರೆಯಲ್ಲಿ ಡಬ್ಬಿ ನಿಲ್ಲಿಸಿದರೆ ಸಾಕು.

ವೈದ್ಯರು ಒಪ್ಪಿದ ದಿನದಿಂದಲೇ ಕಾಂಗರೂ ಆರೈಕೆ ಶುರುಮಾಡಿ. ಸಿ-ಪ್ಯಾಪ್ ಇದ್ದರೂ ಮಗು ಸ್ಥಿರವಾಗಿದ್ದರೆ ಆಗುತ್ತದೆ. ಮಗುವಿಗೆ ಟೋಪಿ, ಕಾಲುಚೀಲ, ಲಂಗೋಟಿ ಮಾತ್ರ. ತಾಯಿಯ ಬರಿ ಎದೆಯ ನಡುವೆ ಕಪ್ಪೆಯಂತೆ ಕಾಲು ಮಡಿಸಿ ನೆಟ್ಟಗೆ ಇರಿಸಿ, ಮುಖ ಒಂದು ಪಕ್ಕಕ್ಕೆ, ಕತ್ತು ತುಸು ಮೇಲಕ್ಕೆ. ಒಮ್ಮೆಗೆ ಒಂದು ಗಂಟೆಯಾದರೂ ಇರಲಿ, ದಿನಕ್ಕೆ 8 ಗಂಟೆ ದಾಟುವುದು ಗುರಿ. ಹೊಲಿಗೆ ನೋವಿನಿಂದ ತಾಯಿಗೆ ಆಗದಿದ್ದಾಗ ತಂದೆ, ಅಜ್ಜಿ ಯಾರಾದರೂ ಇಟ್ಟುಕೊಳ್ಳಬಹುದು.

ಮನೆಗೆ ಬಂದ ಮೇಲೆ

ಬಿಡುಗಡೆಗೆ ಮುಂಚೆ, ಉಸಿರು ನಿಂತರೆ ಏನು ಮಾಡಬೇಕೆಂದು ನರ್ಸ್ ಬಳಿ ಗೊಂಬೆಯ ಮೇಲೆ ಮಾಡಿ ಕಲಿಯಿರಿ. ಅಂಗಾಲು ತಟ್ಟುವುದು, ಬೆನ್ನು ಉಜ್ಜುವುದು, ಅದಕ್ಕೂ ಎಚ್ಚರವಾಗದಿದ್ದರೆ ಮಗುವಿನ ಬಾಯಿ ಮೂಗು ಎರಡನ್ನೂ ನಿಮ್ಮ ಬಾಯಿಯಿಂದ ಮುಚ್ಚಿ ಉಸಿರು ಕೊಡುವುದು. ಓದಿದ್ದು ಆ ಗಾಬರಿಯಲ್ಲಿ ನೆನಪಾಗುವುದಿಲ್ಲ, ಕೈ ಕಲಿತಿರಬೇಕು. ದೊಡ್ಡವರ ಬೆರಳಿಗೆ ಹಾಕುವ ಆಕ್ಸಿಮೀಟರ್ ಹಸುಗೂಸಿಗೆ ಸರಿಯಾದ ಅಂಕಿ ತೋರಿಸುವುದಿಲ್ಲ, ಅದನ್ನು ನಂಬಿ ಕೂರಬೇಡಿ.

ಬಾಣಂತಿ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ, ಊದುಬತ್ತಿ, ಸೊಳ್ಳೆ ಬತ್ತಿ ಯಾವುದೂ ಬೇಡ. ಬಾಗಿಲು ಮುಚ್ಚಿ ಕೆಂಡದ ಅಗ್ಗಿಷ್ಟಿಕೆ ಇಡುವುದಂತೂ ಪ್ರಾಣಕ್ಕೇ ಅಪಾಯ, ವಿಷಾನಿಲ ಕಣ್ಣಿಗೆ ಕಾಣದೆ ತುಂಬಿಕೊಳ್ಳುತ್ತದೆ. ಮೂಗಿಗೆ ಎಣ್ಣೆ ಬಿಟ್ಟರೆ ಅದು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ತರುತ್ತದೆ. ಮೂಗು ಕಟ್ಟಿದ್ದರೆ ಹಾಲು ಕುಡಿಸುವ ಮುಂಚೆ ಸಲೈನ್ ಡ್ರಾಪ್ಸ್ ಒಂದೊಂದು ಹನಿ ಸಾಕು. ಕೆಮ್ಮಿನ ಸಿರಪ್ ಕೊಡಬೇಡಿ, ಬರೆ ಹಾಕಲು ಯಾರಿಗೂ ಬಿಡಬೇಡಿ. ಅಜ್ಜಿಯೊಡನೆ ಜಗಳಕ್ಕೆ ನಿಲ್ಲುವ ಬದಲು ಬಿಡುಗಡೆಯ ದಿನ ಅವರನ್ನೂ ಕರೆದೊಯ್ದು ವೈದ್ಯರ ಬಾಯಿಂದಲೇ ಹೇಳಿಸಿ. ನೆಗಡಿ ಇದ್ದವರು ಎಷ್ಟೇ ಹತ್ತಿರದವರಾದರೂ ಮಗುವನ್ನು ಎತ್ತಿಕೊಳ್ಳದಿರಲಿ. ಮಲಗಿಸುವುದು ಅಂಗಾತ, ದಿಂಬಿಲ್ಲದೆ. ಲಸಿಕೆಯನ್ನು ಹುಟ್ಟಿದ ದಿನದಿಂದಲೇ ಲೆಕ್ಕ ಹಾಕಿ, ಬೇಗ ಹುಟ್ಟಿತೆಂದು ಮುಂದೂಡಬೇಡಿ.

34 ವಾರಕ್ಕೆ ಮುಂಚೆ ಹುಟ್ಟಿದ ಅಥವಾ 2 ಕೆ.ಜಿ.ಗಿಂತ ಕಡಿಮೆ ತೂಕದ ಮಗುವಿಗೆ ನಾಲ್ಕು ವಾರದೊಳಗೆ ಕಣ್ಣಿನ ಅಕ್ಷಿಪಟದ ತಪಾಸಣೆ ಆಗಲೇಬೇಕು. 28 ವಾರಕ್ಕೂ ಮುಂಚೆ ಹುಟ್ಟಿದ್ದರೆ ಎರಡು ಮೂರು ವಾರದಲ್ಲೇ. ಮಗು ಚೆನ್ನಾಗಿ ನೋಡುತ್ತಿರುವಂತೆ ಕಂಡರೂ ಇದನ್ನು ಬಿಡಬೇಡಿ, ಲೇಸರ್ ಚಿಕಿತ್ಸೆಯ ಹೊತ್ತು ಮೀರಿದರೆ ದೃಷ್ಟಿ ಮರಳಿ ಬರುವುದಿಲ್ಲ. ಕರ್ನಾಟಕದಲ್ಲಿ 2008ರಿಂದ ಕಿಡ್‌ರಾಪ್ ಯೋಜನೆಯ ತಂಡಗಳು ಕ್ಯಾಮೆರಾ ಹೊತ್ತು ಜಿಲ್ಲೆಗಳ ಶಿಶು ಘಟಕಗಳಿಗೇ ಹೋಗಿ ಈ ತಪಾಸಣೆ ಮಾಡುತ್ತಿವೆ. ನಿಮ್ಮ ಆಸ್ಪತ್ರೆಗೆ ಯಾವ ದಿನ ಬರುತ್ತಾರೆಂದು ಕೇಳಿ, ಬಿಡುಗಡೆ ಚೀಟಿಯ ಮೇಲೆಯೇ ತಾರೀಖು ಬರೆಸಿಕೊಳ್ಳಿ.