ನಮ್ಮ ಹಾಲ್‌ಗೆ ಸಬ್‌ವೂಫರ್ ಹೊಂದಿಸಿದ್ದು

12 ಇಂಚಿನ ಸಬ್‌ವೂಫರ್, ಅಂದರೆ ಆಳದ ಬೇಸ್ ಸದ್ದಿಗೆಂದೇ ಇರುವ ಸ್ಪೀಕರ್ ಪೆಟ್ಟಿಗೆ, ಮನೆಗೆ ಬಂದು ಮೂರು ತಿಂಗಳಾದರೂ ನನಗೆ ಅದರ ಮೇಲೆ ಪ್ರೀತಿ ಹುಟ್ಟಿರಲಿಲ್ಲ. ಸಿನಿಮಾದಲ್ಲಿ ಕಾರಿನ ಬಾಗಿಲು ಹಾಕಿದರೂ ಗುಂ, ಬಾಂಬ್ ಸಿಡಿದರೂ ಅದೇ ಗುಂ. ಡೊಳ್ಳು ಕುಣಿತ ಹಾಕಿದರೆ ಏಟುಗಳು ಬಿಡಿಬಿಡಿಯಾಗಿ ಕೇಳುತ್ತಲೇ ಇರಲಿಲ್ಲ, ಒಂದಕ್ಕೊಂದು ಅಂಟಿಕೊಂಡು ಎಳೆಯುತ್ತಿದ್ದವು. ಪೆಟ್ಟಿಗೆಯಲ್ಲೇ ದೋಷ ಅಂದುಕೊಂಡು ವಾಪಸ್ ಕೊಡುವ ಯೋಚನೆಯಲ್ಲಿದ್ದೆ.

ಒಂದು ಭಾನುವಾರ ಮೊಬೈಲಿನಿಂದ 33 ಹರ್ಟ್ಸ್‌ನ (ಸೆಕೆಂಡಿಗೆ 33 ಕಂಪನದ) ಒಂದೇ ಸ್ವರವನ್ನು ಬಿಡದೆ ನುಡಿಸಿ ಸೋಫಾದಲ್ಲಿ ಕೂತೆ. ಎದೆ ಒತ್ತುವಷ್ಟು ಸದ್ದು. ಆಟವಾಡುತ್ತಿದ್ದ ಮಗಳು ಹಾಲ್‌ನ ನಡುವೆ ನಿಂತು, "ಅಪ್ಪಾ, ಆಫ್ ಮಾಡಿದ್ಯಾ?" ಅಂದಳು. ನಾನು ಎದ್ದು ಅವಳ ಪಕ್ಕ ಹೋಗಿ ನಿಂತೆ. ನಿಜ, ಅಲ್ಲಿ ಹೆಚ್ಚುಕಡಿಮೆ ಏನೂ ಕೇಳುತ್ತಿರಲಿಲ್ಲ! ನಾಲ್ಕು ಹೆಜ್ಜೆ ಹಿಂದೆ ಬಂದರೆ ಮತ್ತೆ ಗುಡುಗು. ಕೆಟ್ಟ ಪೆಟ್ಟಿಗೆ ಹೀಗೆ ಮಾಡಲ್ಲ ಅಲ್ವಾ?

ಲೆಕ್ಕ ಬಹಳ ಸುಲಭ. 565ನ್ನು ಕೋಣೆಯ ಅಡಿ ಅಳತೆಯಿಂದ ಭಾಗಿಸಿದರೆ ಆ ದಿಕ್ಕಿನಲ್ಲಿ ಯಾವ ಸ್ವರ ಉಬ್ಬುತ್ತದೆ ಅನ್ನುವುದು ಸಿಗುತ್ತದೆ. ನಮ್ಮ ಹಾಲ್ 17 ಅಡಿ ಉದ್ದ, 11 ಅಡಿ ಅಗಲ. ಉದ್ದಕ್ಕೆ 33 ಹರ್ಟ್ಸ್, ಅಗಲಕ್ಕೆ 51. ಈ ಅಲೆಗಳು ಎರಡು ಗೋಡೆಗಳ ನಡುವೆ ನಿಂತುಬಿಡುತ್ತವೆ. ಗೋಡೆಯ ಹತ್ತಿರ ಅತಿ ಜೋರು, ನಡುವೆ ಖಾಲಿ. ನಮ್ಮ ಸೋಫಾ ಹಿಂದಿನ ಗೋಡೆಗೆ ಒರಗಿತ್ತು, ಸಬ್ ಮುಂದಿನ ಮೂಲೆಯಲ್ಲಿತ್ತು. ಎರಡೂ ಅತಿ ಜೋರಿನ ಜಾಗಗಳೇ.

ಅಮೆರಿಕದವರ ಸಲಹೆ ಓದುವಾಗ ಒಂದು ವಿಷಯ ನೆನಪಿಡಬೇಕು. ಅಲ್ಲಿಯ ಎಷ್ಟೋ ಮನೆಗಳ ಒಳಗೋಡೆ ಮರದ ಚೌಕಟ್ಟಿಗೆ ಬಡಿದ ಜಿಪ್ಸಮ್ ಹಲಗೆ. ಅದು ತಾನೇ ಅಲುಗಾಡಿ ಒಂದಷ್ಟು ಬೇಸ್ ನುಂಗುತ್ತದೆ. ನಮ್ಮದು ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಮೇಲೆ ಆರ್‌ಸಿಸಿ. ಬಂದ ಬೇಸನ್ನೆಲ್ಲ ಹಾಗೇ ವಾಪಸ್ ಕಳಿಸುತ್ತದೆ. ಗೋಡೆಗೆ ಅಂಟಿಸುವ ತೆಳು ಫೋಮ್‌ಗೆ ದುಡ್ಡು ಹಾಕಬೇಡಿ. 33 ಹರ್ಟ್ಸ್ ಅಲೆಯ ಉದ್ದವೇ 34 ಅಡಿ, ಎರಡು ಇಂಚು ಫೋಮ್ ಅದನ್ನೇನು ತಡೆದೀತು?

ಹಾಗಾಗಿ ಗುಂಡಿ ತಿರುಗಿಸುವುದನ್ನು ಬಿಟ್ಟು ಜಾಗ ಹುಡುಕಿದೆ. ಸಬ್ ಎತ್ತಿ ಸೋಫಾದ ಮೇಲೆ, ನಾನು ಕೂರುವಲ್ಲೇ ಇಟ್ಟೆ. ಬೇಸ್ ಇರುವ ಒಂದು ತುಣುಕನ್ನು ಮತ್ತೆ ಮತ್ತೆ ಬರುವಂತೆ ಹಾಕಿ, ಗೋಡೆಗುಂಟ ಮಂಡಿಯೂರಿ ಸರಿಯುತ್ತಾ ಹೋದೆ. ಕಿವಿ ನೆಲದ ಹತ್ತಿರ ಇರಬೇಕು, ಸಬ್‌ನ ಕೋನ್ (ಅದುರುವ ತಟ್ಟೆ) ಬರುವ ಎತ್ತರದಲ್ಲಿ. ಎಲ್ಲಿ ಎಲ್ಲ ಸ್ವರಗಳೂ ಸಮನಾಗಿ ಕೇಳುತ್ತವೋ ಅಲ್ಲಿ ಸಬ್ ಇಟ್ಟರೆ, ಸೋಫಾದಲ್ಲಿ ಅದೇ ಕೇಳುತ್ತದೆ. ನನಗೆ ಸಿಕ್ಕಿದ್ದು ಎಡಗೋಡೆಯ ಪಕ್ಕ, ಮುಂದಿನ ಗೋಡೆಯಿಂದ ನಾಲ್ಕೂವರೆ ಅಡಿ. ಅಲ್ಲಿದ್ದ ಹೂಕುಂಡ ಬಾಲ್ಕನಿಗೆ ಹೋಯಿತು. ಸೋಫಾವನ್ನೂ ಎರಡು ಅಡಿ ಮುಂದೆ ಎಳೆದೆವು. ಹೆಂಡತಿ ಒಪ್ಪಿದ್ದು ಹಿಂದೆ ಗುಡಿಸಲು ಜಾಗ ಸಿಕ್ಕಿತು ಅಂತ.

ಅಳೆಯಲು ಯುಮಿಕ್-1 ಮೈಕ್ ಮತ್ತು ರೂಮ್ ಈಕ್ಯೂ ವಿಝಾರ್ಡ್ ಬಳಸಿದೆ. ತಂತ್ರಾಂಶ ಉಚಿತ, ಮೈಕ್‌ಗೆ ಮಾತ್ರ ಖರ್ಚು. ಮೂಲೆಯಲ್ಲಿದ್ದಾಗ 33ರ ಹತ್ತಿರ 14 ಡೆಸಿಬಲ್ ಉಬ್ಬು ಇತ್ತು, ಜಾಗ ಬದಲಾದ ಮೇಲೆ 9ಕ್ಕೆ ಇಳಿಯಿತು. ಉಳಿದದ್ದಕ್ಕೆ ರಿಸೀವರ್ (ಎಲ್ಲ ಸ್ಪೀಕರ್‌ಗಳಿಗೂ ಸದ್ದು ಹಂಚುವ ಪೆಟ್ಟಿಗೆ) ಮತ್ತು ಸಬ್ ನಡುವೆ, ಬೇಕಾದ ಸ್ವರವನ್ನಷ್ಟೇ ಏರಿಸಿ ಇಳಿಸುವ ಒಂದು ಪುಟ್ಟ ಡಿಎಸ್‌ಪಿ ಸೇರಿಸಿ, ಅದೇ ಸ್ವರದಲ್ಲಿ ಕಿರಿದಾಗಿ 7 ಡೆಸಿಬಲ್ ಕತ್ತರಿಸಿದೆ. ಉಬ್ಬು ಇಳಿದಂತೆ ಆ ಎಳೆತವೂ ಕಡಿಮೆಯಾಯಿತು. ಆದರೆ ತಗ್ಗು ಕಂಡಲ್ಲಿ ಏರಿಸಲು ಹೋಗಬೇಡಿ. 10 ಡೆಸಿಬಲ್ ಏರಿಸಿದರೆ ಸಬ್‌ನ ಆಂಪ್ಲಿಫೈಯರ್ ಹತ್ತು ಪಟ್ಟು ಶಕ್ತಿ ಕೊಡಬೇಕು, ಆಳವಾದ ತಗ್ಗು ಅದನ್ನೂ ನುಂಗಿ ಹಾಗೇ ಇರುತ್ತದೆ.

ಇಷ್ಟಾದರೂ 80 ಹರ್ಟ್ಸ್ ಸುತ್ತ ಒಂದು ಹಳ್ಳ ಉಳಿದಿತ್ತು. ಸ್ಪೀಕರ್‌ಗಳು ಸಬ್‌ಗೆ ಬೇಸ್ ಒಪ್ಪಿಸುವುದೇ ಅಲ್ಲಿ. ಎರಡು ಸಂಜೆ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ತಪ್ಪು ನನ್ನದೇ. ಎಲ್ಲ ಸ್ಪೀಕರ್‌ಗಳ ಸದ್ದು ಒಟ್ಟಿಗೆ ತಲುಪಲಿ ಅಂತ ರಿಸೀವರ್ ತಾನೇ ದೂರ ಅಳೆದುಕೊಳ್ಳುವ ಆಟೋ ಸೆಟಪ್ ಮಾಡಿದಾಗ, ಅದು ಸಬ್ 16 ಅಡಿ ದೂರ ಇದೆ ಎಂದಿತ್ತು. ಟೇಪ್ ಹಿಡಿದರೆ 11. ರಿಸೀವರ್ ತಪ್ಪು ಮಾಡಿದೆ ಅಂತ ನಾನು 11 ಎಂದು ತಿದ್ದಿದ್ದೆ. ಅದು ಬರೀ ದೂರ ಅಲ್ಲ, ಸಬ್‌ನ ಒಳಗಿನ ಸರ್ಕ್ಯೂಟ್‌ನಲ್ಲಿ ಆಗುವ ತಡವನ್ನೂ ಅಡಿ ಲೆಕ್ಕಕ್ಕೆ ಸೇರಿಸಿಕೊಂಡು ಹೇಳಿದ ಸಂಖ್ಯೆ. 80 ಹರ್ಟ್ಸ್ ಅಲೆ 14 ಅಡಿ ಉದ್ದ. ಐದು ಅಡಿ ತಪ್ಪಿದರೆ ಮೂರನೇ ಒಂದು ಪಾಲಿಗಿಂತ ಜಾಸ್ತಿ ತಪ್ಪಿದ ಹಾಗೆ. ಸ್ಪೀಕರ್ ತಳ್ಳುವಾಗ ಸಬ್ ಎಳೆಯುತ್ತಿತ್ತು. 80ರ ಸ್ವರವನ್ನು ಎರಡರಲ್ಲೂ ಒಟ್ಟಿಗೆ ನುಡಿಸಿ, ದೂರವನ್ನು ಅರ್ಧರ್ಧ ಅಡಿ ಬದಲಿಸುತ್ತಾ ಹೋದೆ. ಸೋಫಾದಲ್ಲಿ ಅತಿ ಜೋರಾಗಿ ಕೇಳಿದ್ದು ಹದಿನಾರೂವರೆ ಅಡಿಗೆ. ಹಳ್ಳ ಮುಚ್ಚಿತು.

ಸಣ್ಣಪುಟ್ಟದ್ದೂ ಇತ್ತು. ಸಬ್ ಯಾವ ಸ್ವರದವರೆಗೆ ನುಡಿಯಬೇಕು ಅಂತ ನಿರ್ಧರಿಸುವ, ಅದರ ಹಿಂದಿನ ಕ್ರಾಸ್‌ಓವರ್ ಗುಂಡಿಯನ್ನು ಪೂರ್ತಿ ಮೇಲಕ್ಕೆ ಇಟ್ಟೆ, ಆ ಕೆಲಸ ರಿಸೀವರ್‌ನದು. ಷೋಕೇಸ್ ಗಾಜು ಗಲಗಲ ಅನ್ನುತ್ತಿತ್ತು, ಅಂಚಿಗೆ ಫೆಲ್ಟ್ ಅಂಟಿಸಿದೆ.

ಅವತ್ತು ರಾತ್ರಿ ಮತ್ತೆ ಡೊಳ್ಳು ಹಾಕಿದೆ. ಏಟು ಬಿತ್ತು, ನಿಂತಿತು, ಮುಂದಿನ ಏಟು ಬಿತ್ತು. ಕೋಲು ಚರ್ಮಕ್ಕೆ ತಾಗುವ ಸದ್ದೂ ಬೇರೆಯಾಗಿ ಕೇಳಿ ಮೈ ಜುಮ್ಮೆಂದಿತು.

ಬಲಗೋಡೆಯ ಪಕ್ಕದ ದಿವಾನ್ ಮೇಲೆ ಕೂತರೆ ಮಾತ್ರ ಇನ್ನೂ 51ರ ಗುಂ ಇದೆ. ಮಾವ ಬಂದಾಗ ಕೂರುವುದು ಅಲ್ಲೇ. ಎದುರುಬದುರು ಗೋಡೆಗಳಿಗೆ ಒಂದೊಂದು ಸಬ್ ಇಟ್ಟರೆ ಅಗಲದ ಆ ಅಲೆ ತನ್ನಷ್ಟಕ್ಕೇ ರದ್ದಾಗುತ್ತದೆ. ಇದೇ ಮಾದರಿಯ ಇನ್ನೊಂದಕ್ಕೆ ದುಡ್ಡು ಕೂಡಿಡುತ್ತಿದ್ದೇನೆ, ಜಾಗ ಅಳೆದು ನೆಲಕ್ಕೆ ಟೇಪ್ ಅಂಟಿಸಿ ಆಗಿದೆ.