ಡೈನೋಸಾರ್ ಹಲ್ಲು ಕೊಳ್ಳುವ ಮೊದಲು ಮಸೂರ ಹಿಡಿಯಿರಿ

ಮಡಿಕೇರಿಯ ಗೆಳೆಯನೊಬ್ಬ ಮೊನ್ನೆ ಫೋಟೊ ಕಳಿಸಿದ. ಬೆರಳುದ್ದದ ಹಲ್ಲು, ಅಂಗೈಯಗಲದ ಮೂಳೆ ಚೂರು. ಹಲ್ಲು ಮೊರಾಕೊದ ಸ್ಪೈನೋಸಾರಸ್ ಎಂಬ ಡೈನೋಸಾರ್‌ನದಂತೆ, ಮೂಳೆ ಇಲ್ಲೇ ಕಾಫಿ ತೋಟದಲ್ಲಿ ಸಿಕ್ಕಿದ್ದಂತೆ. ತಗೊಳ್ಳಲಾ ಅಂತ ಕೇಳಿದ.

ಮೊದಲು ಊರು ಕೇಳಿ. ಕೊಡಗಿನ ಬಂಡೆಗಳು ಸುಮಾರು 300 ಕೋಟಿ ವರ್ಷ ಹಳೆಯವು, ನೆಲದಾಳದಲ್ಲಿ ಬೆಂದು ರೂಪ ಬದಲಿಸಿದವು. ಡೈನೋಸಾರ್‌ಗಳು ಬಂದದ್ದು ಸುಮಾರು 23 ಕೋಟಿ ವರ್ಷದ ಹಿಂದೆ ಅಷ್ಟೇ. ಹಾಗಾಗಿ ತೋಟದ ಕಥೆ ಅಲ್ಲಿಗೇ ಮುಗಿಯಿತು. ತೂತು ತೂತಾಗಿದೆ, ಮೂಳೆನೇ ಇರಬೇಕು ಅಂದುಕೊಳ್ಳಬೇಡಿ, ಜಂಬಿಟ್ಟಿಗೆ ಕಲ್ಲಿನಲ್ಲೂ ತೂತುಗಳಿರುತ್ತವೆ. ಮೂಳೆಯಲ್ಲಾದರೆ ಹೊರಗೆ ಗಟ್ಟಿ ಸಿಪ್ಪೆ, ಒಳಗೆ ಜೇನುಗೂಡಿನ ಹಾಗೆ ಸಣ್ಣ ಕೋಣೆಗಳು. ಮುರಿದ ಬದಿಯ ಫೋಟೊ ಕೇಳಿದರೆ ಇದು ಚೆನ್ನಾಗಿ ಕಾಣುತ್ತದೆ.

ಇನ್ನು ಹಲ್ಲು. ಚಿನ್ನದಂಗಡಿಯವರು ಕಣ್ಣಿಗಿಟ್ಟುಕೊಳ್ಳುವ 10 ಪಟ್ಟಿನ ಮಸೂರ ಸಾಕು. ಮೊರಾಕೊದ ಕೆಮ್ ಕೆಮ್ ಪದರದಿಂದ, ಅಂದರೆ ಸುಮಾರು 10 ಕೋಟಿ ವರ್ಷ ಹಳೆಯ ಮಣ್ಣಿನಿಂದ ಇಂಥ ಹಲ್ಲು ಜಾಸ್ತಿ ಬರುತ್ತವೆ. ಅಲ್ಲಿನ ಸ್ಪೈನೋಸಾರ್ ಕುಟುಂಬದ ಹಲ್ಲು ದುಂಡಗೆ, ಮೊನಚಾಗಿ, ಉದ್ದಕ್ಕೆ ಗೀರು ಗೀರಾಗಿರುತ್ತದೆ, ಅಂಚಿನಲ್ಲಿ ಗರಗಸ ಕಾಣುವುದಿಲ್ಲ. ಅದೇ ಪದರದ ಇನ್ನೊಂದು ಡೈನೋಸಾರ್ ಕಾರ್ಕರೋಡಾಂಟೊಸಾರಸ್‌ದು ಚಪ್ಪಟೆ, ಚೂರಿಯ ಹಾಗೆ, ಅಂಚಿನಲ್ಲಿ ಸಣ್ಣ ಗರಗಸ. ಮೊಸಳೆ ಹಲ್ಲೂ ಅಲ್ಲೇ ಸಿಗುತ್ತದೆ, ಅದೂ ದುಂಡಗೇ ಇರುತ್ತದೆ, ಅವಸರ ಬೇಡ.

ನನಗೆ ಬೇಸರ ತರಿಸುವುದು ಅಂಟು. ಒಂದು ಹಲ್ಲಿನ ತುದಿ, ಇನ್ನೊಂದರ ಬುಡ, ನಡುವೆ ಮರಳು ಬೆರೆಸಿದ ಅಂಟು. ಗೀರುಗಳನ್ನು ಮೇಲಿನಿಂದ ಕೆಳಕ್ಕೆ ಹಿಂಬಾಲಿಸಿ, ಸಾಲು ತಪ್ಪಿದರೆ ಅಲ್ಲೇ ಜೋಡಣೆ. ಕತ್ತಲಲ್ಲಿ ನೋಟು ಪರೀಕ್ಷಿಸುವ ನೇರಳೆ ಲೈಟ್ ಹಾಕಿ ನೋಡಿ, ಎಷ್ಟೋ ಅಂಟುಗಳು ಹೊಳೆಯುತ್ತವೆ. ಹೊಳೆಯದಿದ್ದರೂ ಮಸೂರ ಕೆಳಗಿಡಬೇಡಿ.

ಜಾತಿಯ ಹೆಸರಿಗೆ ದುಡ್ಡು ಕೊಡಬೇಡಿ. ಗುಜರಾತಿನ ರಾಹಿಯೋಲಿಯ ರಾಜಾಸಾರಸ್ ಎಂಬ ಡೈನೋಸಾರ್‌ಗೆ 2003ರಲ್ಲಿ ಹೆಸರಿಟ್ಟಾಗ ತಲೆಬುರುಡೆಯ ಭಾಗ, ಬೆನ್ನುಮೂಳೆ, ಸೊಂಟ, ಕಾಲು ಎಲ್ಲ ಎದುರಿಗಿದ್ದವು. ಒಂಟಿ ಹಲ್ಲಿನಿಂದ ಕುಟುಂಬ ಹೇಳಬಹುದು, ಕೀಲಿನ ತುದಿಯೂ ಇಲ್ಲದ ಮೂಳೆ ಚೂರಿನಿಂದ ಅದೂ ಕಷ್ಟ.

ಗೆಳೆಯನ ಹಲ್ಲಿನ ಗೀರು ಅರ್ಧದಲ್ಲಿ ಸಾಲು ತಪ್ಪಿತ್ತು. ಬೇಡ ಅಂದೆ. ಬಿಟ್ಟ.